‘ನಿಮ್ಮ ಒಪ್ಪಿಗೆಯಿಂದಲೇ ಏನಮ್ಮಾ?’

2013ರ ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತಂದಿದ್ದ. ಮೊರದ ಬಾಗಿನ, ಒಂದು ಸೀರೆ, ಐನೂರು ರೂಪಾಯಿ. ಜೊತೆಗೆ ಮಡಿಸಿದ ಒಂದು ಛಾಪಾ ಕಾಗದ. ಅಮ್ಮ ಹೋಗಿ ವರ್ಷವಾಗಿತ್ತು. ‘ಪೌತಿ ಖಾತೆ ಮಾಡಿಸ್ಬೇಕು ಕಣಮ್ಮ, ಇಲ್ಲೊಂದು ಸಹಿ ಹಾಕು’ ಅಂದ. ತೀರಿಕೊಂಡವರ ಹೆಸರಲ್ಲಿರುವ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸೋದು ಅದು. ಒಲೆ ಮೇಲೆ ಹೂರಣ ಕುದಿಯುತ್ತಿತ್ತು. ಸೆರಗಿಗೆ ಕೈ ಒರೆಸಿಕೊಂಡು ಹಾಕಿಕೊಟ್ಟೆ. ತಂಗಿಯೂ ಹಾಕಿದ್ದಳು, ತಮ್ಮನೂ ಹಾಕಿದ್ದ. ಏನು ಬರೆದಿದೆ ಅಂತ ಮೂವರಲ್ಲಿ ಒಬ್ಬರೂ ಓದಲಿಲ್ಲ.

ನಾನು ಪ್ರೈಮರಿ ಶಾಲೆ ಟೀಚರ್. ‘ಅಪ್ಪ ಅಮ್ಮ ಓದಿ ಸಹಿ ಹಾಕಬೇಕು’ ಅಂತ ಪ್ರತಿ ವರ್ಷ ಮಕ್ಕಳ ಕೈಗೆ ಪ್ರೋಗ್ರೆಸ್ ಕಾರ್ಡ್ ಕೊಟ್ಟು ಕಳಿಸುವವಳು. ಇದನ್ನು ಹೇಳಿಕೊಳ್ಳೋಕೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ವರ್ಷ ತಮ್ಮ ತೀರಿಕೊಂಡ. ಆಗ ಅವನ ಮಗನಿಗೆ ನಾಲ್ಕು ವರ್ಷ. ಅದಾದ ಮೇಲೆ ಹಬ್ಬ, ಮದುವೆ, ನಾಮಕರಣ ಅಂತ ದಿನ ಕಳೆದವು. 2021ರಲ್ಲಿ ಊರಿನವರೊಬ್ಬರು ಫೋನ್ ಮಾಡಿ, ‘ನಿಮ್ಮಣ್ಣ ನಾಲೆ ಪಕ್ಕದ ಜಮೀನಿಗೆ ಅಡ್ವಾನ್ಸ್ ತಗೊಂಡವ್ರಂತೆ, ನಿಮ್ಗೆ ಗೊತ್ತಾ?’ ಅಂದರು. ಆ ರಾತ್ರಿಯೇ ಮಗಳು ಸರ್ಕಾರದ ಭೂಮಿ ವೆಬ್‌ಸೈಟಿನಲ್ಲಿ ಪಹಣಿ ತೆಗೆದಳು. ನಾಲ್ಕು ಎಕರೆಗೂ ಒಂದೇ ಹೆಸರು. ಅಣ್ಣನದು.

ಜಗಳ ಹೇಗೆ ಶುರುವಾಯಿತು ಅನ್ನೋದನ್ನು ಬಿಡುತ್ತೇನೆ. ಎಲ್ಲರ ಮನೆಯಲ್ಲೂ ಅದು ಒಂದೇ ಥರ ಇರುತ್ತದೆ. ನಾನೂ ತಂಗಿಯೂ ಸೇರಿ ಭಾಗದ ದಾವೆ ಹಾಕಿದೆವು, ಮಂಡ್ಯ ಜಿಲ್ಲೆಯ ನಮ್ಮ ತಾಲ್ಲೂಕು ಕೋರ್ಟಿನಲ್ಲಿ. ಅಣ್ಣ ಒಂದನೇ ಪ್ರತಿವಾದಿ. ತಮ್ಮನ ಹೆಂಡತಿ ಎರಡನೆಯವಳು. ತಮ್ಮನ ಮಗ ಮೂರನೆಯವನು. ಅವನು ಮೈನರ್ ಆದ್ದರಿಂದ ಅವನ ಪರವಾಗಿ ಅವನ ಅಮ್ಮ.

ಹೆಣ್ಣುಮಕ್ಕಳಿಗೆ ಪಾಲು ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ ಅಷ್ಟು ಹೊತ್ತಿಗೆ ಮುಗಿದಿತ್ತು. ಆದರೂ ವಕೀಲರು ಹೇಳಿದ ಕಥೆ ಸ್ವಾರಸ್ಯವಾಗಿದೆ. ನನ್ನ ಮದುವೆ 1991ರಲ್ಲಿ, ತಂಗಿಯದು 1996ರಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತನ್ನದೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟದ್ದು 1994ರ ಜುಲೈ 30ರಿಂದ. ಅದೂ ಆ ದಿನಕ್ಕೆ ಮದುವೆಯಾಗದವರಿಗೆ ಮಾತ್ರ. ಅಂದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಅವಳಿಗೆ ಪಾಲು ಇತ್ತು, ನನಗೆ ಇರಲಿಲ್ಲ! 2005ರ ಸೆಪ್ಟೆಂಬರ್ 9ರಂದು, ಮದುವೆಯಾದ ಹೆಣ್ಣುಮಕ್ಕಳಿಗೂ ಸಮಪಾಲು ಕೊಡುವ ಕೇಂದ್ರದ ತಿದ್ದುಪಡಿ ಬಂತು. ಆದರೆ ನಮ್ಮಪ್ಪ ಹೋಗಿದ್ದು 2003ರಲ್ಲಿ. ಆ ದಿನಕ್ಕೆ ಅಪ್ಪ ಬದುಕಿರಬೇಕಿತ್ತು ಅಂತ 2015ರಲ್ಲಿ ಫೂಲಾವತಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2018ರ ದಾನಮ್ಮ ಕೇಸಿನಲ್ಲಿ ಬೇರೆ ಥರ ಹೇಳಿತು. ಎರಡೂ ನಮ್ಮ ರಾಜ್ಯದಿಂದಲೇ ದೆಹಲಿಗೆ ಹೋದ ಕೇಸುಗಳು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳು, ಮಗಳ ಹಕ್ಕು ಹುಟ್ಟಿನಿಂದ ಬರುವುದು, ಅಪ್ಪ ಆ ದಿನ ಬದುಕಿರಬೇಕಾಗಿಲ್ಲ ಅಂದರು. ಲೆಕ್ಕ ಸಲೀಸಾಯಿತು. ನಾಲ್ಕು ಮಕ್ಕಳು, ನಾಲ್ಕು ಎಕರೆ, ತಲಾ ನಲವತ್ತು ಗುಂಟೆ.

ಅಣ್ಣನ ಕಡೆಯವರು ಹಕ್ಕಿನ ಮೇಲೆ ಜಾಸ್ತಿ ವಾದ ಮಾಡಲಿಲ್ಲ. ಅವರು ಹಿಡಿದುಕೊಂಡಿದ್ದು ಗೌರಿ ಹಬ್ಬದ ಕಾಗದ. ನನ್ನ ವಕೀಲರ ಆಫೀಸಿನಲ್ಲಿ ಅದರ ಜೆರಾಕ್ಸ್ ನೋಡಿದೆ. ‘ನಮ್ಮ ಮದುವೆಗಳಿಗೆ ಮಾಡಿದ ಖರ್ಚು ಮತ್ತು ಒಡವೆಗಳಿಂದ ನಮ್ಮ ಪಾಲು ಸಂದಾಯವಾಗಿರುತ್ತದೆ. ಸ್ವಸಂತೋಷದಿಂದ ಒಪ್ಪಿ ಸಹಿ ಮಾಡಿರುತ್ತೇವೆ.’ ಕೆಳಗೆ ನನ್ನ ಸಹಿ. ಅಕ್ಷರ ಸ್ವಲ್ಪ ಜಾರಿದೆ. ಬೆರಳಲ್ಲಿ ತುಪ್ಪ ಇತ್ತೇನೋ.

‘ಸ್ವಸಂತೋಷದಿಂದ’ ಅನ್ನುವ ಪದದ ಮೇಲೆ ಬೆರಳಿಟ್ಟು ವಕೀಲರು ಕೇಳಿದರು, ‘ಸಂತೋಷವಾಗಿದ್ರಾ ಅವತ್ತು?’

‘ಹಬ್ಬ ಅಲ್ವಾ ಸಾರ್’ ಅಂದೆ. ಇಬ್ಬರಿಗೂ ನಗು ಬಂತು.

ಕಾಗದದ ಬಗ್ಗೆ ಅವರಿಗೆ ಹೆದರಿಕೆ ಇರಲಿಲ್ಲ. ಜಮೀನಿನ ಹಕ್ಕು ಬಿಡಬೇಕಾದರೆ ಪತ್ರ ನೋಂದಣಿಯಾಗಬೇಕು. ಇದು ಆಗಿಲ್ಲ. ಖಾತೆ ಬದಲಾದರೆ ಕಂದಾಯ ಕಟ್ಟುವವರ ಹೆಸರು ಬದಲಾಗುತ್ತದೆ ಅಷ್ಟೇ, ಮಾಲೀಕತ್ವ ಬದಲಾಗುವುದಿಲ್ಲ. ಆಮೇಲೆ 1872ರ ಕರಾರು ಕಾಯ್ದೆಯ ಎರಡು ಸೆಕ್ಷನ್ ಹೇಳಿದರು. 13ನೆಯದರ ಪ್ರಕಾರ, ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿಕೊಂಡರೆ ಅದು ಒಪ್ಪಿಗೆ. ನಾನು ಒಪ್ಪಿದ್ದು ಖಾತೆಗೆ, ಅಣ್ಣ ಬರೆಸಿದ್ದು ಪಾಲಿಗೆ. 14ನೆಯದು ಆ ಒಪ್ಪಿಗೆ ಮುಕ್ತವಾಗಿರಬೇಕು ಅನ್ನುತ್ತದೆ. ಬಲವಂತ ಇರಬಾರದು, ಮೋಸ ಇರಬಾರದು, ಸುಳ್ಳು ಹೇಳಿ ನಂಬಿಸಿರಬಾರದು, ತಪ್ಪು ತಿಳುವಳಿಕೆ ಇರಬಾರದು. ಇನ್ನೊಂದು ಇದೆ, ನಮ್ಮ ಮೇಲೆ ಹಿಡಿತ ಇರುವವರು ಆ ಹಿಡಿತವನ್ನೇ ಬಳಸಿ ಒಪ್ಪಿಸಿರಬಾರದು. ಅದನ್ನು ಕೇಳಿ ನಾನು ಸುಮ್ಮನಾದೆ. ಅಪ್ಪ ಹೋದ ಮೇಲೆ ಅಣ್ಣನಿಗೆ ನಾನು ಯಾವತ್ತಾದರೂ ಇಲ್ಲ ಅಂದಿದ್ದೇನಾ ಅಂತ ನೆನಪು ಮಾಡಿಕೊಂಡೆ. ಒಂದೂ ಸಿಗಲಿಲ್ಲ.

‘ಗೆಲ್ತೀವಿ. ಯಾವಾಗ ಅಂತ ಮಾತ್ರ ಕೇಳ್ಬೇಡಿ’ ಅಂದರು ವಕೀಲರು.

ಒಂದೂವರೆ ವರ್ಷ ತಾರೀಖಿನ ಮೇಲೆ ತಾರೀಖು. 2022ರ ಕೊನೆಗೆ ಕೋರ್ಟು ನಮ್ಮನ್ನು ಮಧ್ಯಸ್ಥಿಕೆಗೆ ಕಳಿಸಿತು. ಒಂದು ಕೋಣೆ, ದುಂಡು ಮೇಜು. ತರಬೇತಿ ಪಡೆದ ಒಬ್ಬ ಹಿರಿಯ ವಕೀಲೆ ನಡುವೆ ಕೂತಿದ್ದರು. ಅವರು ತೀರ್ಪು ಕೊಡುವಂತಿಲ್ಲ, ಇಂಥದ್ದಕ್ಕೇ ಒಪ್ಪಿ ಅಂತ ಹೇಳುವಂತಿಲ್ಲ. ಇಲ್ಲಿ ಆಡಿದ ಮಾತು ಕೋರ್ಟಿಗೂ ಹೋಗುವುದಿಲ್ಲ. ನಮ್ಮನ್ನು ಒಟ್ಟಿಗೆ ಕೂರಿಸಿದರು, ಆಮೇಲೆ ಬೇರೆ ಬೇರೆ ಕೂರಿಸಿದರು. ಒಬ್ಬಳೇ ಇದ್ದಾಗ ಕೇಳಿದರು: ‘ನಿಮಗೆ ಜಮೀನು ಬೇಕಾ, ಅಣ್ಣ ತಪ್ಪಾಯ್ತು ಅನ್ನಬೇಕಾ?’ ನಾನು ಉತ್ತರ ಕೊಡಲಿಲ್ಲ. ಎರಡೂ ಅಂತ ಹೇಳೋಕೆ ಸಂಕೋಚವಾಯಿತು.

ಅಣ್ಣ ತಪ್ಪಾಯ್ತು ಅನ್ನಲಿಲ್ಲ. ಬದಲಿಗೆ ಒಂದು ನೋಟ್‌ಬುಕ್ ತಂದ. ಬೋರ್‌ವೆಲ್ ಸಾಲ, ಅಮ್ಮನ ಆಸ್ಪತ್ರೆ ಖರ್ಚು, ತಂಗಿ ಮದುವೆಗೆ ಮಾಡಿದ ಕೈಸಾಲ, ಎಲ್ಲ ಅವನ ಕೈಬರಹದಲ್ಲಿ. ನೋಡಿದೆ. ಸುಳ್ಳಿರಲಿಲ್ಲ. ಅಮ್ಮನನ್ನು ಕೊನೆಯ ಮೂರು ವರ್ಷ ಎತ್ತಿ ಇಳಿಸಿದವಳು ಅತ್ತಿಗೆ. ನಾನು ರಜೆಗೆ ಹೋಗಿ ಬರುತ್ತಿದ್ದೆ.

ಮೂರು ಸಲ ಕೂತ ಮೇಲೆ ಬಾಯಿಮಾತಿನಲ್ಲಿ ಒಪ್ಪಂದವಾಯಿತು. ನನಗೆ ಇಪ್ಪತ್ತಾರು ಗುಂಟೆ. ತಂಗಿಗೆ ಜಮೀನಿನ ಬದಲು 18 ಲಕ್ಷ, 10 ತಕ್ಷಣ, 8 ಆರು ತಿಂಗಳಲ್ಲಿ. ಊರ ಮನೆ ಅಣ್ಣನಿಗೆ. ತಮ್ಮನ ಮಗ, ಅವನ ಅಮ್ಮ ಇಬ್ಬರಿಗೂ ಸೇರಿ ನಲವತ್ತು ಗುಂಟೆ, ಪೂರ್ತಿ. ಉಳಿದದ್ದು ಅಣ್ಣನಿಗೆ.

ಇದರಲ್ಲಿ ಒಂದು ವಿಷಯ ಗಮನಿಸಿ. ನಾನು ಹದಿನಾಲ್ಕು ಗುಂಟೆ ಬಿಟ್ಟೆ. ಮನೆಯ ಪಾಲನ್ನೂ ಬಿಟ್ಟೆ. ‘ಬಿಡಬಹುದಾ ಸಾರ್?’ ಅಂತ ಕೇಳಿದ್ದಕ್ಕೆ ವಕೀಲರು, ‘ನೀವು ಮೇಜರ್, ತಿಳಿದು ಬಿಟ್ರೆ ಕಾನೂನು ತಡೆಯಲ್ಲ’ ಅಂದರು. ಆದರೆ ಹದಿಮೂರು ವರ್ಷದ ಹುಡುಗನ ಪಾಲಿಗೆ ಕೈ ಹಾಕೋಕೆ ಯಾರಿಗೂ ಧೈರ್ಯವಿರಲಿಲ್ಲ. ಅವನ ಪರವಾಗಿ ಅವನ ಅಮ್ಮ ಒಪ್ಪಿದರೂ ಸಾಲದು. ರಾಜಿಗೆ ಕೋರ್ಟಿನ ಅನುಮತಿ ಬೇಕು. ಅದಕ್ಕೆ ಅವಳ ಪ್ರಮಾಣಪತ್ರ ಬೇಕು. ಅವಳ ವಕೀಲರು, ಈ ರಾಜಿ ಹುಡುಗನಿಗೆ ಒಳ್ಳೆಯದು ಅಂತ ಬರೆದು ಸರ್ಟಿಫಿಕೇಟ್ ಬೇರೆ ಕೊಡಬೇಕು. ಒಪ್ಪಿಗೆ ಕೊಡಲಾಗದವನ ಪಾಲು ಭದ್ರವಾಗಿ ಉಳಿಯಿತು. ಒಪ್ಪಿಗೆ ಕೊಡಬಲ್ಲ ನಾವಿಬ್ಬರೇ ಕರಗಿದ್ದು.

ರಾಜಿ ಅರ್ಜಿಯನ್ನು ವಕೀಲರುಗಳು ಬರೆದರು, ಇಂಗ್ಲಿಷಿನಲ್ಲಿ. ಏಳು ಪುಟ, ಜೊತೆಗೆ ಕೈಯಲ್ಲಿ ಬರೆದ ನಕ್ಷೆ. ಈ ಸಲ ನಾನು ಓದಿದೆ. ಅಂದರೆ ನನ್ನ ಇಪ್ಪತ್ತಾರು ಗುಂಟೆಯ ಪ್ಯಾರಾ, ಚೆಕ್ಕುಬಂದಿ, ಸರ್ವೆ ನಂಬರ್ ಇಷ್ಟನ್ನು ಎರಡೆರಡು ಸಲ ಓದಿದೆ. ಉಳಿದದ್ದರ ಮೇಲೆ ಕಣ್ಣಾಡಿಸಿದೆ.

2023ರ ಜೂನ್. ಬೇಸಿಗೆ ರಜೆ ಮುಗಿದು ಕೋರ್ಟ್ ಶುರುವಾಗಿತ್ತು. ನಮ್ಮ ಕೇಸ್ ಕೂಗಿದರು. ನ್ಯಾಯಾಧೀಶರು ಹೆಂಗಸು, ನನಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರು. ಅರ್ಜಿ ತಿರುವಿ ಹಾಕಿ, ತಲೆ ಎತ್ತದೆ ಕೇಳಿದರು:

‘ಎರಡನೇ ವಾದಿ ಎಲ್ಲಿ?’

ತಂಗಿ ಬಂದಿರಲಿಲ್ಲ. ಅವಳ ಗಂಡ ಎದ್ದು ನಿಂತು ಕೈಮುಗಿದರು. ‘ಅವಳಿಗೆ ಹುಷಾರಿಲ್ಲ ಮೇಡಂ. ನಾನೇ ಸಹಿ ಮಾಡಿದ್ದೀನಿ.’

‘ನೀವು ಈ ಕೇಸಿನಲ್ಲಿ ಯಾರು?’

‘ಗಂಡ, ಮೇಡಂ.’

‘ಅದು ಮನೆಯಲ್ಲಿ. ಇಲ್ಲಿ ಯಾರು?’

ಹಾಲಿನಲ್ಲಿ ಇದ್ದ ವಕೀಲರು ನಕ್ಕರು. ಪಾಪ, ತಂಗಿ ಗಂಡನ ಮುಖ ಕೆಂಪಾಯಿತು. ರಾಜಿ ಬರಹದಲ್ಲಿರಬೇಕು, ಪಕ್ಷಗಾರರು ಸಹಿ ಮಾಡಿರಬೇಕು, ಅದು ಕಾನೂನಿಗೆ ಸರಿಯಾಗಿದೆ ಅಂತ ಕೋರ್ಟಿಗೆ ಮನವರಿಕೆಯಾಗಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 3ನೇ ನಿಯಮ ಇದು ಅಂತ ಆಮೇಲೆ ತಿಳಿಯಿತು. ಅವತ್ತು ಮೇಡಂ ಹೇಳಿದ್ದು ಇಷ್ಟೇ: ‘ಅವರೇ ಬರಲಿ.’ ಹತ್ತು ದಿನ ಬಿಟ್ಟು ತಾರೀಖು ಕೊಟ್ಟರು.

ಬರುವಾಗ ಬಸ್ಸಿನಲ್ಲಿ ನನಗೆ ಸಿಟ್ಟು. ಎಲ್ಲರೂ ಒಪ್ಪಿದ್ದಾರೆ, ಇನ್ನೇನು ಇವರದ್ದು ಕಿರಿಕಿರಿ ಅಂತ.

ಹತ್ತು ದಿನದ ಮೇಲೆ ತಂಗಿ ಬಂದಳು, ಹೊಸ ಸಹಿ ಹಾಕಿದಳು. ಮೊದಲು ನನ್ನನ್ನು ಕರೆದರು. ಹೆಸರು, ಊರು, ಎಷ್ಟು ಓದಿದ್ದೀರಿ. ‘ಪೂರ್ತಿ ಪಾಲು ಎಷ್ಟು ಬರುತ್ತಿತ್ತು ಗೊತ್ತಾ? ಈಗ ಎಷ್ಟು ತಗೊಳ್ತಿದ್ದೀರಿ? ಯಾಕೆ ಕಮ್ಮಿ?’ ಹೇಳಿದೆ. ‘ಯಾರಾದರೂ ಹೆದರಿಸಿದ್ದಾರಾ?’ ಇಲ್ಲ. ‘ನಿಮ್ಮ ಒಪ್ಪಿಗೆಯಿಂದಲೇ ಏನಮ್ಮಾ?’

ಹೌದು ಅಂದೆ. ಅದು ಸುಳ್ಳಲ್ಲ. ಆದರೆ ಆ ಹೌದಿನ ಒಳಗೆ ಏನೇನಿತ್ತು ಅಂತ ಬರೆದುಕೊಳ್ಳುವ ಜಾಗ ಆ ಫೈಲಿನಲ್ಲಿರಲಿಲ್ಲ. ಅಣ್ಣನ ನೋಟ್‌ಬುಕ್ ಇತ್ತು. ತವರಿನ ಬಾಗಿಲು ಮುಚ್ಚಿಹೋಗಬಾರದು ಅನ್ನುವ ಆಸೆ ಇತ್ತು. ‘ಅಕ್ಕತಂಗೀರು ಸೇರ್ಕೊಂಡು ಅಣ್ಣನ್ನ ಕೋರ್ಟಿಗೆ ಎಳೆದ್ರು’ ಅಂತ ಊರಿನವರು ಆಡಿದ ಮಾತೂ ಇತ್ತು. ಯಾರೂ ಹೆದರಿಸಿರಲಿಲ್ಲ, ನಿಜ. ಹಾಗಂತ ಹೆದರಿಕೆ ಇರಲಿಲ್ಲವಾ?

ಆಮೇಲೆ ತಂಗಿ. ಅವಳು ಓದಿದ್ದು ಏಳನೇ ಕ್ಲಾಸು. ಮೇಡಂ ಅರ್ಜಿ ಕೈಗೆತ್ತಿಕೊಂಡು ಒಂದೊಂದೇ ಪ್ಯಾರಾ ಕನ್ನಡದಲ್ಲಿ ಹೇಳುತ್ತಾ ಹೋದರು. ಸಾವಕಾಶವಾಗಿ, ಅವಳ ಮುಖ ನೋಡುತ್ತಾ. ‘ನಿಮಗೆ ಜಮೀನು ಬರಲ್ಲ, ದುಡ್ಡು ಬರುತ್ತೆ. ಗೊತ್ತಾ?’ ಗೊತ್ತು ಮೇಡಂ. ‘18 ಲಕ್ಷ. ಎರಡು ಕಂತು.’ ಹೂಂ. ‘ಎರಡು ಕಂತೂ ನಿಮ್ಮ ಗಂಡನ ಖಾತೆಗೆ.’

ತಂಗಿ ತಲೆ ಎತ್ತಿದಳು. ‘ಇಲ್ಲ ಮೇಡಂ. ನನ್ನ ಖಾತೆಗೆ.’

‘ಇಲ್ಲಿ ಗಂಡನ ಖಾತೆ ಅಂತ ಇದೆಯಲ್ಲಮ್ಮ. ನಂಬರೂ ಇದೆ.’

ತಂಗಿ ಹಿಂದೆ ತಿರುಗಿ ನೋಡಿದಳು. ಗಂಡನನ್ನಲ್ಲ, ನನ್ನನ್ನು. ನಾನು ಕಣ್ಣಾಡಿಸಿ ಬಿಟ್ಟಿದ್ದ ಐದನೇ ಪುಟ ಅದು.

ಮೇಡಂ ಪೆನ್ನು ಕೆಳಗಿಟ್ಟರು. ‘ಊಟದ ಮೇಲೆ ತಗೊಳ್ಳೋಣ. ಆಕೆ ತಮ್ಮ ವಕೀಲರ ಜೊತೆ ಮಾತಾಡಲಿ. ಒಬ್ಬರೇ.’

ಕೋರ್ಟಿನ ಹಿಂದಿನ ಹೊಂಗೆ ಮರದ ಕೆಳಗೆ ಆ ಒಂದು ಗಂಟೆ ಕಳೆದದ್ದು ಮರೆಯೋಕಾಗಲ್ಲ. ತಂಗಿ ಗಂಡ ಹೇಳಿದ್ದು, ‘ಅವಳ ಖಾತೆ ಬಳಕೇಲಿ ಇಲ್ಲ, ಅದಕ್ಕೇ ನನ್ನದು ಕೊಟ್ಟೆ.’ ಇರಬಹುದು. ಕೆಟ್ಟ ಮನುಷ್ಯರಲ್ಲ ಅವರು. ಗೌರಿ ಹಬ್ಬದ ಅಣ್ಣನೂ ಕೆಟ್ಟವನಾಗಿರಲಿಲ್ಲ. ತಂಗಿ ಯಾರ ಜೊತೆಗೂ ಜಗಳವಾಡಲಿಲ್ಲ. ಪುರಿ ಪೊಟ್ಟಣ ಬಿಚ್ಚಿ ತಿನ್ನುತ್ತಾ, ‘ಅಕ್ಕ, ನೀನು ಓದಿದ್ಯಲ್ಲ?’ ಅಂದಳು ಅಷ್ಟೇ. ನನಗೆ ಬೈದಿದ್ದರೆ ವಾಸಿಯಾಗಿತ್ತು.

ನಮ್ಮ ವಕೀಲರು ಬಂದು ಇನ್ನೊಂದು ಮಾತು ಹೇಳಿದರು. ಇಬ್ಬರೂ ಒಪ್ಪಿ ವಿಚ್ಛೇದನ ಕೇಳುವವರಿದ್ದಾರಲ್ಲ, ಅವರ ಒಪ್ಪಿಗೆ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆಗುವವರೆಗೂ ಉಳಿದಿರಬೇಕು. ನಡುವೆ ಒಬ್ಬರು ಬೇಡ ಅಂದರೆ ಡಿಕ್ರಿ ಇಲ್ಲ. 1991ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆಸ್ತಿ ರಾಜಿಯಲ್ಲಿ ಅಷ್ಟು ಸಡಿಲ ಇಲ್ಲ. ಸಹಿ ಮಾಡಿ ಕೋರ್ಟಿಗೆ ಕೊಟ್ಟ ಮೇಲೆ ಮನಸ್ಸು ಬದಲಾಯಿತು ಅಂದರೆ ಸಾಲದು, ಮೋಸವೋ ಬಲವಂತವೋ ಇತ್ತು ಅಂತ ತೋರಿಸಬೇಕು. ರಾಜಿ ಡಿಕ್ರಿಯ ಮೇಲೆ ಅಪೀಲು ಇಲ್ಲ. ರಾಜಿ ಸರಿಯಿರಲಿಲ್ಲ ಅಂತ ಬೇರೆ ದಾವೆ ಹಾಕುವಂತೆಯೂ ಇಲ್ಲ. ಡಿಕ್ರಿ ಕೊಟ್ಟ ಕೋರ್ಟಿನ ಮುಂದೆಯೇ ಬಂದು ಹೇಳಿಕೊಳ್ಳಬೇಕು. ‘ಅದಕ್ಕೇ ಅವರು ಇಷ್ಟು ಕೇಳೋದು. ಕೇಳಬೇಕಾದ್ದನ್ನೆಲ್ಲ ಈಗಲೇ ಕೇಳಿ. ಸಂಜೆ ಮೇಲೆ ಕಷ್ಟ’ ಅಂದರು.

ನಾನು ಏಳೂ ಪುಟ ತೆಗೆದು ಮೊದಲಿಂದ ಓದಿದೆ. ಕನ್ನಡ ಮಾಡಿ ಹೇಳಿದೆ. ತಂಗಿ, ತಮ್ಮನ ಹೆಂಡತಿ ಇಬ್ಬರೂ ಹತ್ತಿರ ಕೂತು ಕೇಳಿದರು. ಅಣ್ಣ ಸ್ವಲ್ಪ ದೂರದಲ್ಲಿ ಬೀಡಿ ಸೇದುತ್ತಾ ನಿಂತಿದ್ದವನು ಯಾವಾಗಲೋ ಹತ್ತಿರ ಬಂದಿದ್ದ. ‘ಎರಡನೇ ಕಂತು ಕೊಡದಿದ್ರೆ ಏನು?’ ಅಂತ ತಂಗಿ ಕೇಳಿದಳು. ಅರ್ಜಿಯಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ‘ಕೊಡದೆ ಎಲ್ಲಿ ಹೋಗ್ತೀನಿ?’ ಅಂದ ಅಣ್ಣ. ‘ಹಂಗಾದ್ರೆ ಬರೆಯೋಕೆ ಏನಣ್ಣ?’ ಅಂದಳು. ಅವಳು ಅವನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊಸ ಪ್ಯಾರಾ ಸೇರಿತು. ತಡವಾದರೆ ಬಡ್ಡಿ, ಪೂರ್ತಿ ಹಣ ಬರುವವರೆಗೆ ಅವಳ ನಲವತ್ತು ಗುಂಟೆಯ ಮೇಲೆ ಬಾಧ್ಯತೆ, ಅದನ್ನು ಅಣ್ಣ ಮಾರುವಂತಿಲ್ಲ. ಖಾತೆ ನಂಬರ್ ಹೊಡೆದು ಅವಳದ್ದು ಬರೆದರು. ಪ್ರತಿ ತಿದ್ದುಪಡಿಯ ಪಕ್ಕ ಎಲ್ಲರ ಸಹಿ.

ಮಧ್ಯಾಹ್ನ ತಮ್ಮನ ಮಗನ ಸರದಿ. ಹುಡುಗ ಶಾಲೆಯಲ್ಲಿದ್ದ. ಮೇಡಂ ಅವನ ಅಮ್ಮನನ್ನು ನಿಲ್ಲಿಸಿಕೊಂಡು ನಕ್ಷೆ ನೋಡಿದರು. ‘ಈ ನಲವತ್ತು ಗುಂಟೆಗೆ ನಾಲೆ ನೀರು ಬರುತ್ತಾ?’ ಬರುತ್ತೆ. ‘ದಾರಿ?’ ಅವಳು ಸುಮ್ಮನೆ ನಿಂತಳು. ನಾವೂ ನಕ್ಷೆ ನೋಡಿದೆವು. ಹುಡುಗನ ಗದ್ದೆಯ ಸುತ್ತ ಅಣ್ಣನ ಜಮೀನು, ನನ್ನ ಜಮೀನು, ಇನ್ನೊಂದು ಕಡೆ ನಾಲೆ. ಗಾಡಿ ಹೋಗೋಕೆ ಜಾಗವೇ ಇಲ್ಲ. ಇಷ್ಟು ವರ್ಷ ಎಲ್ಲ ಒಂದೇ ಮನೆಯ ಜಮೀನು, ಯಾರೂ ಯಾರನ್ನೂ ದಾರಿ ಕೇಳಿರಲಿಲ್ಲ. ಹತ್ತು ಅಡಿ ಗಾಡಿ ದಾರಿ ನನ್ನ ಬದುವಿನ ಪಕ್ಕದಿಂದ ಅಂತ ಬರೆದರು. ಆ ದಾರಿಗೆ ನಾನು ಒಪ್ಪಿದ್ದು ಮಾತ್ರ ಪೂರಾ ಖುಷಿಯಿಂದ. ಆಮೇಲೆ ಅನುಮತಿಯ ಅರ್ಜಿ ಮಂಜೂರಾಯಿತು.

ನಾಲ್ಕೂವರೆ ಹೊತ್ತಿಗೆ ಮುಗಿಯಿತು. ರಾಜಿಯ ವಿಷಯವನ್ನು ಪಕ್ಷಗಾರರಿಗೆ ಕನ್ನಡದಲ್ಲಿ ಓದಿ ವಿವರಿಸಲಾಯಿತು, ಅವರು ಒಪ್ಪಿರುತ್ತಾರೆ ಅಂತ ಆದೇಶದಲ್ಲಿ ಒಂದು ಸಾಲು ಬಂತು. ಎಲ್ಲ ಆದೇಶಗಳಲ್ಲೂ ಇರುವ ಸಾಲಂತೆ ಅದು. ನಮ್ಮದರಲ್ಲಿ ಅದಕ್ಕೆ ಎರಡು ತಾರೀಖು, ಒಂದು ಊಟದ ಹೊತ್ತು ಹಿಡಿಯಿತು.

ಡಿಕ್ರಿ ಕೈಗೆ ಬಂದು, ಸರ್ವೆಯರ್ ಬಂದು ಅಳೆದು, ಕಲ್ಲು ನೆಟ್ಟು, ಪಹಣಿಯಲ್ಲಿ ನನ್ನ ಹೆಸರು ಬರುವುದಕ್ಕೆ ಮತ್ತೆ ಓಡಾಟ. ಅದು ಬೇರೆಯೇ ಕಥೆ. ಆ ವರ್ಷದ ಗೌರಿಗೆ ಅಣ್ಣ ಬರಲಿಲ್ಲ. ಬಾಗಿನ ಬಂತು, ಮಗನ ಕೈಯಲ್ಲಿ ಕಳಿಸಿದ್ದ.

ಡಿಸೆಂಬರಿನಲ್ಲಿ ಒಂದು ಭಾನುವಾರ ತಂಗಿ ಫೋನ್ ಮಾಡಿದಳು. ಅಣ್ಣ ಅವಳ ಮನೆಗೆ ಬಂದಿದ್ದ. 8 ಲಕ್ಷದ ಡಿಡಿ, ಒಂದು ಚೀಲ ಅವರೆಕಾಯಿ, ಜೊತೆಗೆ ದುಡ್ಡು ತಲುಪಿತು ಅಂತ ಸಹಿ ಹಾಕೋಕೆ ಒಂದು ರಸೀದಿ.

‘ಹಾಕಿದ್ಯಾ?’ ಅಂದೆ.

‘ಇನ್ನೂ ಇಲ್ಲ. ಕಾಫಿ ಕೊಟ್ಟು ಕೂರ್ಸಿದ್ದೀನಿ. ನೀನು ಫೋನ್ ಇಡ್ಬೇಡ, ಓದ್ತೀನಿ ಕೇಳು.’

ಆ ಕಡೆಯಿಂದ ಅಣ್ಣನ ದನಿ ಕೇಳಿಸಿತು. ‘ನಾಲ್ಕೇ ಸಾಲು ಕಣಮ್ಮ ಅದು.’

‘ಇರಲಿ ಅಣ್ಣ’ ಅಂದಳು ಅವಳು. ಗಂಟಲು ಸರಿ ಮಾಡಿಕೊಂಡು, ಏಳನೇ ಕ್ಲಾಸಿನ ಹುಡುಗಿ ಪಾಠ ಓದುವ ಹಾಗೆ ಒಂದೊಂದೇ ಪದ ಬಿಡಿಸಿ ಓದೋಕೆ ಶುರು ಮಾಡಿದಳು. ಎರಡನೇ ಸಾಲಿನಲ್ಲಿ ತಾರೀಖು ತಪ್ಪಿತ್ತು.